ಗುಂಡಿಯಲ್ಲಿ ಚಂದ್ರ, ಪೀಪಾಯಿಯಲ್ಲಿ ನಕ್ಷತ್ರ

ಗಣೇಶ ಚತುರ್ಥಿಯ ದಿನಗಳಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಒಂದು ಸುತ್ತು ಬಂದವರಿಗೆ ನಮ್ಮ ಜನರ ಕೈಚಳಕದ ವಿಷಯದಲ್ಲಿ ಸಂದೇಹ ಉಳಿಯಲಾರದು. ಒಂದು ಚಪ್ಪರದಲ್ಲಿ ತೆಂಗಿನಕಾಯಿಯ ಗಣಪ, ಇನ್ನೊಂದರಲ್ಲಿ ಕಬ್ಬಿನ ಗಣಪ, ಮೂರನೆಯದರಲ್ಲಿ ನಾಣ್ಯದ ಗಣಪ. ನೋಡಿದವರೆಲ್ಲ ಒಂದು ಗಳಿಗೆ ನಿಂತು, "ಅಬ್ಬಾ, ಏನು ಬುದ್ಧಿ!" ಎಂದು ತಲೆದೂಗಿ, ಮಂಗಳಾರತಿ ತೆಗೆದುಕೊಂಡು, ಮುಂದಿನ ಚಪ್ಪರಕ್ಕೆ ಹೋಗುತ್ತಾರೆ. ಈ ತಲೆದೂಗುವಿಕೆಯನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ದಿನಬಳಕೆಯ ವಸ್ತುವೊಂದು ತನ್ನ ಕೆಲಸವನ್ನು ಬಿಟ್ಟು ಬೇರೊಂದು ರೂಪದಲ್ಲಿ ಎದುರು ನಿಂತಾಗ ಹುಟ್ಟುವ ಬೆರಗು ಬಹಳ ಹಳೆಯದು, ಬಹಳ ಆರೋಗ್ಯಕರವಾದುದು. ಆದರೆ ಬೆರಗು ಮುಗಿದ ಮೇಲೆ ಏನು ಉಳಿಯಿತು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ವಿಮರ್ಶೆಯ ಕೆಲಸ ಆರಂಭವಾಗುವುದು ಅಲ್ಲಿಂದಲೇ.

ನಮ್ಮ ಆಲಂಕಾರಿಕರು ಅದ್ಭುತವನ್ನು ಒಂದು ರಸವೆಂದು ಒಪ್ಪಿದರು; ವಿಸ್ಮಯ ಅದರ ಸ್ಥಾಯಿ ಎಂದರು. ಸ್ಥಾಯಿ ಎಂದರೆ ನಿಲ್ಲುವಂಥದು. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುವುದು ಕೌತುಕ. ಮನೆಗೆ ಬಂದ ಮೇಲೂ ಮನಸ್ಸಿನಲ್ಲಿ ಕುಳಿತು ಕಾಡುವುದು ವಿಸ್ಮಯ. ಇವೆರಡನ್ನು ಬೇರ್ಪಡಿಸಲು ಒಂದು ಸುಲಭವಾದ ಪರೀಕ್ಷೆಯಿದೆ. ಕೃತಿಯಲ್ಲಿರುವ ವಸ್ತುವನ್ನು ಬದಲಾಯಿಸಿ ನೋಡಬೇಕು. ನಾಣ್ಯದ ಗಣಪನನ್ನು ಗುಂಡಿಯಿಂದಲೋ ಕಡಲೆಕಾಯಿಯಿಂದಲೋ ಮಾಡಿದರೆ ಗಣಪನಿಗೂ ನಷ್ಟವಿಲ್ಲ, ನಮಗೂ ನಷ್ಟವಿಲ್ಲ. ಅಂದಮೇಲೆ ನಾಣ್ಯ ಅಲ್ಲಿ ಬರಿಯ ಉಡುಪು. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ಕಾವ್ಯಕ್ಕೆ ಔಚಿತ್ಯವೇ ಜೀವಿತವೆಂದು ವಾದಿಸಿದ. ಅವನ ಮಾತನ್ನು ಈ ಕಲೆಗೂ ಹಚ್ಚಬಹುದಾಗಿದೆ: ಈ ವಸ್ತುವೇ ಇಲ್ಲಿ ಏಕೆ ಇರಬೇಕು?

ಪಶ್ಚಿಮದ ಕಲೆಯಲ್ಲಿ ಈ ಪ್ರಶ್ನೆ ಗದ್ದಲದೊಡನೆ ಬಂತು. 1917ರಲ್ಲಿ ಮಾರ್ಸೆಲ್ ದ್ಯೂಷಾಂ ನ್ಯೂಯಾರ್ಕಿನ ಪ್ರದರ್ಶನವೊಂದಕ್ಕೆ ಪಿಂಗಾಣಿಯ ಮೂತ್ರದ ತೊಟ್ಟಿಯನ್ನು ಕಳುಹಿಸಿ ಕಲಾಲೋಕದ ನಿದ್ದೆ ಕೆಡಿಸಿದ. 1942ರಲ್ಲಿ ಪಿಕಾಸೊ ಸೈಕಲ್ಲಿನ ಸೀಟನ್ನೂ ಹ್ಯಾಂಡಲನ್ನೂ ಜೋಡಿಸಿ ಗೂಳಿಯ ತಲೆಯನ್ನು ಮಾಡಿದ. ನಮ್ಮ ದೇಶದಲ್ಲಿ ಚಂಡೀಗಢದ ರಸ್ತೆ ಇಲಾಖೆಯ ನೌಕರ ನೇಕ್ ಚಂದ್ ಒಡೆದ ಬಳೆ, ಒಡೆದ ಪಿಂಗಾಣಿ, ಕಟ್ಟಡಗಳ ಕಸ ಇವುಗಳನ್ನು ಗುಟ್ಟಾಗಿ ಕೂಡಿಸಿ ಒಂದು ಲೋಕವನ್ನೇ ಕಟ್ಟಿ, 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯುವಂತಾಯಿತು. ಆದರೆ ಇಷ್ಟು ದೂರ ಹೋಗುವ ಅಗತ್ಯವಿಲ್ಲ. ನಮ್ಮ ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಹೊಲಿದ ಕೌದಿಗಳು ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತವೆ. ಅಜ್ಜಿಯ ಸೀರೆಯ ತುಂಡಿಗೆ ಬದಲಾಗಿ ಅಂಗಡಿಯ ಹೊಸ ಬಟ್ಟೆಯನ್ನು ಹಾಕಿದರೆ ಕೌದಿ ಬೆಚ್ಚಗಿರಬಹುದು, ಆದರೆ ಅದು ಆ ಕೌದಿಯಾಗಿ ಉಳಿಯುವುದಿಲ್ಲ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಂಗಳೂರಿನ ಇಬ್ಬರು ಕಲಾವಿದರ ಕೆಲಸವನ್ನು ಜೊತೆಯಲ್ಲಿಟ್ಟು ನೋಡಬಹುದು. ಇಬ್ಬರ ದಾರಿಗಳೂ ಬೇರೆ, ಪ್ರೇಕ್ಷಕರೂ ಬೇರೆ. ಆದರೂ ಇಬ್ಬರ ಸಾಮಗ್ರಿಯೂ ಒಂದೇ ಕಡೆಯಿಂದ ಬಂದದ್ದು: ನಾವು ದಿನವೂ ಓಡಾಡುವ ರಸ್ತೆ.

ಮೊದಲನೆಯವರು ಮೈಸೂರಿನಲ್ಲಿ ಚಿತ್ರಕಲೆ ಕಲಿತ ಶ್ರೀ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ನೀರು ತುಂಬಿ ನಿಂತಿದ್ದ ದೊಡ್ಡ ಗುಂಡಿಯೊಂದರಲ್ಲಿ ಅವರು ತಾವೇ ಮಾಡಿದ ಮೊಸಳೆಯನ್ನು ತೇಲಿಬಿಟ್ಟರು. ಊರೆಲ್ಲ ನಕ್ಕಿತು, ಪತ್ರಿಕೆಗಳು ಚಿತ್ರ ಹಾಕಿದವು. 2019ರ ಸೆಪ್ಟೆಂಬರಿನಲ್ಲಿ ಅವರ ಕಣ್ಣು ನಗರದ ಪಶ್ಚಿಮಕ್ಕೆ, ಮಾಗಡಿ ರಸ್ತೆಯ ಕಡೆಯ ಹೇರೋಹಳ್ಳಿಗೆ ಬಿತ್ತು. ಅಲ್ಲಿಯ ತುಂಗಾನಗರ ಮುಖ್ಯರಸ್ತೆಯಲ್ಲಿ ರಾತ್ರಿಯ ವೇಳೆ ಗಗನಯಾತ್ರಿಯ ವೇಷದ ಒಬ್ಬ ನಟರು ತೂಕವಿಲ್ಲದವರ ಹಾಗೆ ಮೆಲ್ಲಮೆಲ್ಲನೆ ಹೆಜ್ಜೆ ಹಾಕುತ್ತಾರೆ. ಸುತ್ತಲೂ ಕುಳಿಗಳು, ಕುಳಿಗಳ ಅಂಚಿನಲ್ಲಿ ಕಪ್ಪು ನೆರಳು. ಚಂದ್ರನೇ ಸರಿ ಎಂದು ನಾವು ನಂಬುವ ಹೊತ್ತಿಗೆ ಪಕ್ಕದಲ್ಲಿ ಒಂದು ಆಟೋರಿಕ್ಷಾ ಕುಲುಕಾಡುತ್ತ ಹಾದುಹೋಗುತ್ತದೆ. ಚಂದ್ರಲೋಕದಿಂದ ಮಾಗಡಿ ರಸ್ತೆಗೆ ಇಷ್ಟು ಬೇಗ ಯಾರೂ ಇಳಿದಿರಲಾರರು.

ಇದರಲ್ಲಿ ಕಲೆ ಎಲ್ಲಿದೆ? ವೇಷದಲ್ಲಲ್ಲ, ಮೊಸಳೆಯಲ್ಲೂ ಅಲ್ಲ. ಮೊಸಳೆಗೆ ಬದಲು ಬೇರೊಂದು ಜಲಚರವನ್ನು ಬಿಡಬಹುದಿತ್ತು. ಬದಲಾಯಿಸಲಾಗದ ವಸ್ತು ಗುಂಡಿಯೊಂದೇ. ನಂಜುಂಡಸ್ವಾಮಿಯವರ ನಿಜವಾದ ಸಾಮಗ್ರಿ ಅದು. ಅವರು ಅದನ್ನು ಮಾಡಿದವರಲ್ಲ, ಆರಿಸಿದವರು. ಆರಿಸಿದ ಗಳಿಗೆಯೂ ಉಚಿತವಾಗಿತ್ತು. 2019ರ ಜುಲೈ 22ರಂದು ಹೊರಟ ಚಂದ್ರಯಾನ-2 ಸೆಪ್ಟೆಂಬರ್ 7ರಂದು ಚಂದ್ರನ ಮೇಲೆ ಇಳಿಯಬೇಕಾಗಿತ್ತು. ದೇಶವೆಲ್ಲ ಮೇಲೆ ನೋಡುತ್ತಿತ್ತು. ಆ ದಿನಗಳಲ್ಲೇ ಒಬ್ಬ ಕಲಾವಿದ "ಸ್ವಲ್ಪ ಕೆಳಗೂ ನೋಡಿ" ಎಂದ. ಇದು ವಿಜ್ಞಾನದ ಹಾಸ್ಯವಲ್ಲ. ಚಂದ್ರನನ್ನು ಮುಟ್ಟಲು ಶಕ್ತವಾದ ಊರು ತನ್ನ ರಸ್ತೆಯನ್ನು ಮುಚ್ಚಲಾರದೆ ಹೋದ ವಿರೋಧಾಭಾಸವನ್ನು ಮಾತಿಲ್ಲದೆ ತೋರಿಸಿದ ಚಿತ್ರ ಇದು. ಬೈಗುಳವಿಲ್ಲ, ಘೋಷಣೆಯಿಲ್ಲ, ಆದುದರಿಂದಲೇ ಅಧಿಕಾರಿಗಳಿಗೂ ಉತ್ತರ ತೋಚಲಿಲ್ಲ. ಚಿತ್ರ ಹರಡಿದೊಡನೆಯೇ ಗುಂಡಿ ಮುಚ್ಚುವ ಕೆಲಸ ಆರಂಭವಾಯಿತು.

ಇಲ್ಲಿಯೇ ಆ ಕಲೆಯ ಹಿರಿಮೆಯೂ ಇದೆ, ಮಿತಿಯೂ ಇದೆ. ಗುಂಡಿ ಮುಚ್ಚಿದೊಡನೆ ಕೃತಿ ಮುಗಿಯಿತು. ತನ್ನ ಗೆಲುವಿನಲ್ಲಿಯೇ ತಾನು ಅಳಿಯುವ ಶಿಲ್ಪ ಲೋಕದಲ್ಲಿ ಅಪರೂಪ; ಕಲಾವಿದನ ಅಹಂಕಾರಕ್ಕೆ ಇದಕ್ಕಿಂತ ಒಳ್ಳೆಯ ಔಷಧವೂ ಇರಲಾರದು. ಆದರೆ ಈ ನಗು ವಾಹನದಲ್ಲಿ ಕುಳಿತವನ ನಗು. ಗುಂಡಿಯಿಂದ ಬೆನ್ನು ನೊಂದವನು ನಕ್ಕ. ಅದನ್ನು ಮುಚ್ಚಲು ಬಿಸಿ ಡಾಂಬರಿನ ಹೊಗೆಯಲ್ಲಿ ನಿಂತವನು ಈ ಚಿತ್ರದಲ್ಲಿ ಎಲ್ಲಿಯೂ ಇಲ್ಲ. ಅಹವಾಲು ತೀರಿದ ಮೇಲೆ ಚಿತ್ರವನ್ನು ಮತ್ತೊಮ್ಮೆ ನೋಡಿದರೆ ನಗು ಬರುತ್ತದೆ, ಆದರೆ ಹೊಸದೇನೂ ಹೊಳೆಯುವುದಿಲ್ಲ.

ಆ ಡಾಂಬರಿನವನ ಕಡೆಗೆ ತಿರುಗಿದವರು ಎರಡನೆಯ ಕಲಾವಿದೆ, ಶ್ರೀಮತಿ ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಇಲ್ಲೆಲ್ಲ ಕಲಿತ ಅವರು ಮೊದಲು ಚಿತ್ರಕಾರ್ತಿ. 1992ರ ಕೊನೆಯಲ್ಲಿ ಮುಂಬಯಿಯಲ್ಲಿ ಆರಂಭವಾದ ಗಲಭೆಗಳ ನಂತರ ಕುಂಚ ತಮಗೆ ಸಾಲದೆಂದು ಕಂಡು ಸಗಣಿಗೆ ಕೈ ಹಾಕಿದರು. ಮನೆ ಸಾರಿಸುವ, ಬೆರಣಿ ತಟ್ಟುವ ಹೆಂಗಸರ ಕೈಯ ವಸ್ತು ಅದು. ಪವಿತ್ರವೆಂದು ಪೂಜೆಗೂ ಬರುತ್ತದೆ, ಕೂಲಿಯೆಂದು ಒಲೆಗೂ ಹೋಗುತ್ತದೆ. ಮುಂದೆ ಅವರು ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಕುಂಕುಮ ಗೋಂದುಗಳನ್ನು ಸವರಿ, ಕೆಂಪು ಹಗ್ಗಗಳನ್ನು ಹೊಸೆದು ಗೋಡೆಗೂ ನೆಲಕ್ಕೂ ಹಬ್ಬಿಸಿದರು. ತುದಿಯಲ್ಲಿ ಸೂಜಿಗಳು ಹಾಗೆಯೇ ತೂಗುತ್ತಿರುತ್ತವೆ. ಮಂಗಳದ ಬಣ್ಣ ನೋವಿನ ಬಣ್ಣವಾಗಲು ಎಷ್ಟು ಹೊತ್ತು ಬೇಕು ಎಂಬುದನ್ನು ನಮ್ಮ ಮನೆಗಳ ಹೆಂಗಸರಿಗೆ ವಿವರಿಸಬೇಕಾಗಿಲ್ಲ.

2006ರ ಅವರ ಕೃತಿಯೊಂದು ಖಾಲಿ ಡಾಂಬರು ಪೀಪಾಯಿಗಳ ಗೂಡು. ರಸ್ತೆ ಮಾಡುವ ಕೂಲಿಗಳು ಡಾಂಬರು ಮುಗಿದ ಪೀಪಾಯಿಗಳನ್ನು ನಿಲ್ಲಿಸಿಯೋ, ತಟ್ಟಿ ತಗಡು ಮಾಡಿಯೋ ತಮಗೆ ಆಸರೆ ಕಟ್ಟಿಕೊಳ್ಳುವುದನ್ನು ನಾವೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದವರೇ. ಶೀಲಾ ಗೌಡರ ಗೂಡು ಹೊರಗಿನಿಂದ ಕಂಬಗಳಿರುವ ಕೋಟೆಯ ಹಾಗೆ ಗಂಭೀರವಾಗಿದೆ. ಒಳಹೋಗಬೇಕಾದರೆ ಬಾಗಬೇಕು. ಒಳಗೆ ಕತ್ತಲೆ. ತಲೆ ಎತ್ತಿದರೆ ಮೇಲಿನ ತಗಡಿನಲ್ಲಿ ಕೊರೆದ ಸಣ್ಣ ಸಣ್ಣ ತೂತುಗಳಿಂದ ಬೆಳಕು ಇಣುಕಿ, ನಕ್ಷತ್ರ ತುಂಬಿದ ಆಕಾಶವಾಗುತ್ತದೆ. ಇದನ್ನು ಸುಂದರವೆಂದು ಹೇಳುತ್ತಿರುವಾಗಲೇ ನಾಲಿಗೆ ತಡೆಯುತ್ತದೆ. ತೂತು ಬಿದ್ದ ಸೂರಿನ ಕೆಳಗೆ ಮಲಗುವವನಿಗೆ ಅದು ನಕ್ಷತ್ರವೂ ಹೌದು, ನಾಳೆಯ ಮಳೆಯೂ ಹೌದು. ಪೀಪಾಯಿಯನ್ನು ತೆಗೆದು ಅಲ್ಲಿ ಬೇರೆ ಯಾವ ತಗಡನ್ನು ಇಟ್ಟರೂ ಈ ಎರಡನೆಯ ಅರ್ಥ ಹೊರಟುಹೋಗುತ್ತದೆ. ಔಚಿತ್ಯವೆಂದರೆ ಇದೇ.

2009ರಲ್ಲಿ ವೆನಿಸ್ಸಿನ ಅಂತರರಾಷ್ಟ್ರೀಯ ಪ್ರದರ್ಶನದಲ್ಲಿ ಅವರು ಇಟ್ಟ ಕೃತಿಯೂ ನಮ್ಮ ಬೀದಿಯದೇ. ದೇವಸ್ಥಾನಗಳಲ್ಲಿ ಹರಕೆಯ ಮುಡಿ ಕೊಟ್ಟಾಗ ಉದ್ದ ಕೂದಲು ಪರದೇಶದ ಚೌರಿಗಳಿಗೆ ಹೋಗುತ್ತದೆ. ತುಂಡು ಕೂದಲು ಹಗ್ಗವಾಗುತ್ತದೆ. ದೃಷ್ಟಿ ತಾಕದಿರಲೆಂದು ಆ ಹಗ್ಗವನ್ನು ವಾಹನಗಳ ಬಂಪರಿಗೆ ಕಟ್ಟುತ್ತಾರೆ. ಶೀಲಾ ಗೌಡರು ಸುಮಾರು 4000 ಮೀಟರು ಕೂದಲ ಹಗ್ಗವನ್ನೂ ಇಪ್ಪತ್ತು ಉಕ್ಕಿನ ಬಂಪರುಗಳನ್ನೂ ತೂಗುಹಾಕಿದರು. ಉಕ್ಕನ್ನು ಕೂದಲು ಎತ್ತಿ ಹಿಡಿದಿದೆ. ಯಂತ್ರವನ್ನು ಭಯ ಎತ್ತಿ ಹಿಡಿದಿದೆ. ಹಗ್ಗ ಇಲ್ಲಿ ಆನೆಯಾಗಿಲ್ಲ, ನವಿಲಾಗಿಲ್ಲ, ಹಗ್ಗವಾಗಿಯೇ ಇದೆ. ಅಷ್ಟು ತಲೆಗಳು ಬೋಳಾಗಿವೆ, ಅಷ್ಟು ಕೈಗಳು ಹೊಸೆದಿವೆ ಎಂಬ ಲೆಕ್ಕವನ್ನು ಕಲಾವಿದೆ ಅಳಿಸಿಲ್ಲ. ಚಪ್ಪರದ ಕೌತುಕಕ್ಕೂ ಇದಕ್ಕೂ ಇರುವ ಅಂತರ ಇಷ್ಟೇ, ಆದರೆ ಇದು ಸಣ್ಣ ಅಂತರವಲ್ಲ.

ಹಾಗೆಂದು ಈ ಕೃತಿಗಳ ಮೇಲೆ ಆಕ್ಷೇಪವೇ ಇಲ್ಲವೆಂದಲ್ಲ. ಕೂಲಿಯ ಪೀಪಾಯಿ ಪರದೇಶದ ನುಣುಪಾದ ನೆಲದ ಮೇಲೆ ನಿಂತಾಗ ಬಡತನವೇ ಒಂದು ಕೌತುಕವಾಗುವ ಅಪಾಯವಿದೆ. ಕೂದಲ ಹಗ್ಗದ ಅರ್ಥ ವೆನಿಸ್ಸಿನ ಪ್ರೇಕ್ಷಕನಿಗೆ ಗೋಡೆಯ ಚೀಟಿಯನ್ನು ಓದಿದರೆ ಮಾತ್ರ ತಿಳಿಯುತ್ತದೆ. ಕೆಂಗೇರಿಯ ಲಾರಿ ಚಾಲಕನಿಗೆ ಚೀಟಿ ಬೇಡ. ಆದರೆ ಅವನು ಈ ಕೃತಿಯನ್ನು ನೋಡಿಯೇ ಇಲ್ಲ. ಅರ್ಥ ಬಲ್ಲವನಿಗೆ ಕೃತಿ ಸಿಗದು, ಕೃತಿ ಕಂಡವನಿಗೆ ಅರ್ಥ ಸಿಗದು. ಈ ದೋಷ ಕಲಾವಿದೆಯದಲ್ಲ, ಆದರೂ ಕೃತಿಗೆ ತಟ್ಟಿದ ದೋಷ. ಈ ಒಂದು ವಿಷಯದಲ್ಲಿ ನಂಜುಂಡಸ್ವಾಮಿಯವರೇ ಮೇಲು. ಅವರ ಚಿತ್ರ ಮೊದಲು ಹೇರೋಹಳ್ಳಿಯವರಿಗೆ ಸಂದಿತು, ಆಮೇಲೆ ಲೋಕಕ್ಕೆ.

ನಗರದ ಪಶ್ಚಿಮ ಭಾಗದಲ್ಲಿ ಇಂಥ ಕಲೆಗೆ ಸಾಮಗ್ರಿಯ ಕೊರತೆಯಿಲ್ಲ. ರಾಜಾಜಿನಗರ ಕೈಗಾರಿಕೆಯ ನೆರಳಿನಲ್ಲಿ ಬೆಳೆದ ಬಡಾವಣೆ; ಲೇತುಗಳ ಪಕ್ಕದಲ್ಲಿ ಸುರುಳಿಸುರುಳಿಯಾಗಿ ಬೀಳುವ ಕಬ್ಬಿಣದ ಚೂರುಗಳು ಗುಜರಿಗೆ ಹೋಗುತ್ತಲೇ ಇವೆ. ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮವಿದೆ. ಶೀಲಾ ಗೌಡರ ಪೀಪಾಯಿಯ ಗೂಡನ್ನು ಅಂಥ ಸ್ಥಳದಲ್ಲಿ ಒಂದು ತಿಂಗಳು ನಿಲ್ಲಿಸಿ, ಪಕ್ಕದ ರಸ್ತೆಯ ಕೆಲಸದವರನ್ನು ಮೊದಲ ದಿನ ಒಳಗೆ ಕರೆದರೆ ಅವರು ಏನು ಹೇಳಿಯಾರು? "ನಮ್ಮನೆ ಥರಾನೇ ಐತೆ" ಎಂದು ನಕ್ಕರೂ ನಕ್ಕಾರು. ಆ ನಗುವನ್ನು ಎದುರಿಸಿ ನಿಂತರೆ ಮಾತ್ರ ಆ ನಕ್ಷತ್ರಗಳು ನಿಜವಾದ ನಕ್ಷತ್ರಗಳು. ಅಂಥ ಪರೀಕ್ಷೆಗೆ ಆ ಕೃತಿ ಹೆದರಬೇಕಾಗಿಲ್ಲವೆಂದು ನಮ್ಮ ನಂಬಿಕೆ. ಹೆದರಬೇಕಾದವರು, ಗುಂಡಿಯನ್ನು ಕಂಡು ನಕ್ಕು, ಅದನ್ನು ಮುಚ್ಚಿದವನ ಸೂರನ್ನು ಕಾಣದೆ ಹಾದುಹೋಗುವ ನಾವು.