ಮಂದಣ್ಣನೂ ಮೊದ್ದು ಕೈಗಳೂ

ಬಣಕಲ್ಲಿನ ಮಳೆಯಲ್ಲಿ ಕುಳಿತು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯನ್ನು ಮತ್ತೊಮ್ಮೆ ಓದಿದೆ. ನಮ್ಮ ಮೂಡಿಗೆರೆ ಸೀಮೆಯದೇ ಕಥೆ. ಊರವರು ಕೆಲಸಕ್ಕೆ ಬಾರದವನೆಂದು ತಳ್ಳಿದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಅಪೂರ್ವ ನಿಸರ್ಗವೀಕ್ಷಕನನ್ನು ಕಾಣುತ್ತಾರೆ. ಇದನ್ನು ಮೆಚ್ಚದ ವಾಚಕರಿಲ್ಲ. ಆದರೆ ಮೆಚ್ಚಿದವರ ನಡೆ ಹೇಗಿದೆ?

ನನ್ನ ತಪ್ಪನ್ನೇ ಹೇಳುತ್ತೇನೆ. ಹಿಂದೊಮ್ಮೆ ವಿದ್ಯಾರ್ಥಿಯೊಬ್ಬನ ಅಕ್ಷರ ಸೊಟ್ಟಗಿದೆಯೆಂದೂ ಉತ್ತರ ಅರ್ಧಕ್ಕೆ ನಿಂತಿದೆಯೆಂದೂ ಅಂಕ ಕಡಿದಿದ್ದೆ. ಅದೇ ಪ್ರಶ್ನೆಗೆ ಅವನು ಬಾಯಲ್ಲಿ ಕೊಟ್ಟ ಉತ್ತರ ತರಗತಿಯಲ್ಲೇ ಮೇಲಾಗಿತ್ತು. ಗುಂಡಿ ಹಾಕಲು, ಚೆಂಡು ಹಿಡಿಯಲು, ಬರೆಯಲು ಹೀಗೆ ತಡವರಿಸುವ ಮಕ್ಕಳು ಶಾಲಾವಯಸ್ಸಿನಲ್ಲಿ ನೂರಕ್ಕೆ ಸುಮಾರು 5-6 ಮಂದಿ. ಬುದ್ಧಿಯ ಕೊರತೆ ಇದಕ್ಕೆ ಕಾರಣವಲ್ಲ. ಅಕ್ಷರ ಮೂಡಿಸುವುದರಲ್ಲೇ ಗಮನವೆಲ್ಲ ಸವೆದು, ವಿಚಾರವನ್ನು ನೆನಪಿನಲ್ಲಿ ಹಿಡಿದು ಅಣಿಗೊಳಿಸುವುದು ಅನೇಕರಿಗೆ ಕಷ್ಟವಾಗುತ್ತದೆ, ಅಂಕ ಇಳಿಯುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಕಲಿಕೆಯ ನ್ಯೂನತೆಗಳಲ್ಲಿ ‘ಡಿಸ್‌ಪ್ರಾಕ್ಸಿಯ’ವೆಂದು ಇದನ್ನು ಹೆಸರಿಸಿದೆ. ನನ್ನ ಕೆಂಪು ಶಾಯಿಗೆ ಆ ಹೆಸರು ಗೊತ್ತಿರಲಿಲ್ಲ.

ಮಂದಣ್ಣನ ಕೈ ಮೊದ್ದಲ್ಲ. ಜೇನು ಹಿಡಿಯುವ ಕೈ ಅದು. ಅವನನ್ನು ಈ ಮಕ್ಕಳ ಪ್ರತಿನಿಧಿ ಮಾಡಿದರೆ ಕಾದಂಬರಿಗೆ ಅನ್ಯಾಯವಾದೀತು. ನಾವು ಕಲಿಯಬೇಕಾದುದು ಅವನನ್ನು ನೋಡಿದ ಕಣ್ಣಿನಿಂದ. ಊರು ಕೊಟ್ಟ ಅಂಕವನ್ನು ಕರ್ವಾಲೊ ನಂಬಲಿಲ್ಲ. ಮಂದಣ್ಣ ಕಂಡದ್ದನ್ನು ಅವನ ಬಾಯಿಂದಲೇ ಕೇಳಿದರು. ‘ಕರ್ವಾಲೊ’ವನ್ನು ಪಾಠ ಹೇಳುವ ನಾವು, ಸೊಟ್ಟ ಅಕ್ಷರದ ಹುಡುಗನನ್ನು ಹತ್ತಿರ ಕರೆದು, “ಬರೆಯುವುದಿರಲಿ, ಹೇಳಪ್ಪ” ಎಂದು ಒಮ್ಮೆಯಾದರೂ ಕೇಳಿದ್ದೇವೆಯೆ?