ಕಿಂಡಿ ಹುಡುಕಿದವರಿಗೆ ಬಹುಮಾನ

ಡಬ್ಲಿನ್‌ನ ಗ್ರ್ಯಾಂಡ್ ಕೆನಾಲ್ ಡಾಕ್‌ಗೆ ಸಿಲಿಕಾನ್ ಡಾಕ್ಸ್ ಅಂತಾನೂ ಹೆಸರು. ಬ್ಯಾರೋ ಸ್ಟ್ರೀಟ್‌ನ ಗೂಗಲ್ ಕಟ್ಟಡಕ್ಕೆ ಹೋಗಿಬರೋ ನಮ್ಮ ಕನ್ನಡದವರ ಜೇಬಲ್ಲಿ ಲೀಪ್ ಕಾರ್ಡ್ ಇರುತ್ತೆ, ಬ್ಯಾಂಕ್ ಕಾರ್ಡ್ ಇರುತ್ತೆ. ಎರಡರಲ್ಲೂ ಒಂದೊಂದು ಚಿಪ್. "ಸುರಕ್ಷಿತ" ಅಂತ ಕಂಪನಿ ಹೇಳುತ್ತೆ, ನಾವು ನಂಬ್ತೀವಿ. ಆದರೆ ಆ ಮಾತನ್ನು ಒರೆಗೆ ಹಚ್ಚೋದು ಹೇಗೆ?

ಕೇಂಬ್ರಿಡ್ಜ್‌ನ ರಾಸ್ಪ್‌ಬೆರಿ ಪೈ ಕಂಪನಿ 2024ರ ಆಗಸ್ಟ್‌ನಲ್ಲಿ ಒಂದು ಸವಾಲು ಹಾಕಿತು. ತನ್ನ ಹೊಸ ಆರ್‌ಪಿ2350 ಚಿಪ್‌ನೊಳಗೆ ಬಚ್ಚಿಟ್ಟ ಗುಟ್ಟನ್ನು ಓದಿದವರಿಗೆ ಬಹುಮಾನ. ಮೊದಲು 10,000 ಡಾಲರ್, ಆಮೇಲೆ 20,000. 2025ರ ಜನವರಿಯಲ್ಲಿ ಫಲಿತಾಂಶ ಬಂತು. ಗೆದ್ದವರು ಒಬ್ಬರಲ್ಲ, ಹಲವರು. ಅವರಲ್ಲಿ ಕೆವಿನ್ ಕೂರ್ದೆಸ್ ಹಿಡಿದದ್ದು ಲೇಸರ್ ದಾರಿ.

ಚಿಪ್‌ನ ಹೊರಕವಚವನ್ನು ಉಜ್ಜಿ ತೆಗೆದರೆ ಒಳಗಿನ ಸಿಲಿಕಾನ್ ಕಾಣುತ್ತೆ. ಇನ್‌ಫ್ರಾರೆಡ್ ಬೆಳಕು ಸಿಲಿಕಾನ್ ಮೂಲಕ ಹಾದುಹೋಗಿ ಟ್ರಾನ್ಸಿಸ್ಟರ್‌ನಲ್ಲಿ ಇಲ್ಲದ ಕರೆಂಟ್ ಹುಟ್ಟಿಸುತ್ತೆ. ಸಾಫ್ಟ್‌ವೇರ್ ಅಸಲಿಯೋ ನಕಲಿಯೋ ಅಂತ ಚಿಪ್ ಪರೀಕ್ಷಿಸೋ ಕ್ಷಣಕ್ಕೆ ಸರಿಯಾಗಿ ಹೊಡೆದರೆ, ನಕಲಿಯೂ ಒಳಗೆ ಬರಬಹುದು. ಚಿತ್ರದುರ್ಗದ ಕೋಟೆ ಗಟ್ಟಿಯೇ ಇತ್ತು. ಶತ್ರು ಬಂದದ್ದು ಕಿಂಡಿಯಿಂದ.

ಈ ಸ್ಪರ್ಧೆಯನ್ನು ಮೆಚ್ಚಲೇಬೇಕು: ಸೋಲನ್ನು ಕಂಪನಿಯೇ ಪ್ರಕಟಿಸಿತು. ಆದರೆ ಚಿಪ್ ಮಾರುಕಟ್ಟೆಗೆ ಬಂದ ಮೇಲೆ ನಡೆದ ಪರೀಕ್ಷೆ ಇದು. ಮೊದಲು ಓಡೋ ಬೂಟ್ ಕೋಡ್ ಚಿಪ್‌ನಲ್ಲೇ ಅಚ್ಚಾಗಿರುತ್ತೆ, ಫೋನ್ ಆ್ಯಪ್ ಥರ ಅಪ್‌ಡೇಟ್ ಮಾಡೋಕಾಗಲ್ಲ. ಹಲವು ದೋಷ ತಿದ್ದಿದ ಆವೃತ್ತಿ ಬಂದದ್ದು 2025ರ ಜುಲೈನಲ್ಲಿ. ಅಷ್ಟರೊಳಗೆ ಕೊಂಡವರ ಕೈಯಲ್ಲಿರೋದು ಹಳೆಯದೇ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

"ಇದಕ್ಕೆಲ್ಲ ದುಬಾರಿ ಲ್ಯಾಬ್ ಬೇಕು" ಅನ್ನೋ ಸಮಾಧಾನವೂ ಹಳೆಯದು. 2002ರಲ್ಲೇ ಕೇಂಬ್ರಿಡ್ಜ್‌ನ ಸೆರ್ಗೇ ಸ್ಕೊರೊಬೊಗಟೋವ್ ಮತ್ತು ರಾಸ್ ಆಂಡರ್ಸನ್, 30 ಡಾಲರ್‌ನ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಫ್ಲ್ಯಾಶ್ ಅನ್ನು ಮೈಕ್ರೋಸ್ಕೋಪ್‌ಗೆ ಜೋಡಿಸಿ ಚಿಪ್‌ನ ಒಂದೊಂದೇ ಬಿಟ್ ಬದಲಿಸಿ ತೋರಿಸಿದ್ದರು.

ಹಾಗಂತ ಗಾಬರಿ ಬೇಡ. ಲೇಸರ್ ಹೊಡೆಯೋಕೆ ಚಿಪ್ ಕೈಗೆ ಸಿಗಬೇಕು, ಕವಚ ಬಿಚ್ಚಬೇಕು. ರೈಲಲ್ಲಿ ಪಕ್ಕ ಕೂತವರಿಂದ ಆಗೋ ಕೆಲಸ ಅಲ್ಲ. ಅಪಾಯ ಇರೋದು ಬೇರೆ ಕಡೆ. ಎಲ್ಲ ಸಾಧನಗಳಲ್ಲೂ ಒಂದೇ ಗುಪ್ತ ಕೀ ಇದ್ದರೆ, ಕಳ್ಳ ತಾನೇ ಒಂದನ್ನು ಕೊಂಡು ಒಡೆದರೆ ಸಾಕು, ನಿಮ್ಮದೂ ಒಡೆದ ಹಾಗೆಯೇ. ಆದ್ದರಿಂದ ಮನೆಗೆ ಸ್ಮಾರ್ಟ್ ಬೀಗ ಕೊಳ್ಳುವಾಗ "ಸುರಕ್ಷಿತವಾ?" ಅಂತ ಕೇಳಿ ಸುಮ್ಮನಾಗಬೇಡಿ. "ಒಂದು ಬೀಗ ಒಡೆದರೆ ಎಷ್ಟು ಮನೆ ತೆರೆಯುತ್ತೆ?" ಅಂತಾನೂ ಕೇಳಿ.