ಗೋಡೆಬರಹದ ಸೊಸೆ

ಶ್ರೀರಂಗಪಟ್ಟಣ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಗೋಡೆಗಳ ಮೇಲೆ ‘ಹೆಣ್ಣು ಮಗುವನ್ನು ಉಳಿಸಿ’ ಎಂಬ ಬರಹಗಳನ್ನು ನೀವೂ ಓದಿರುತ್ತೀರಿ. ಮಕ್ಕಳ ಪ್ರಬಂಧ ತಿದ್ದಿ ತಿದ್ದಿ ನನಗೊಂದು ಚಾಳಿ, ವಾಕ್ಯ ಕಂಡರೆ ತರ್ಕ ಹುಡುಕುತ್ತೇನೆ. ಮಗಳನ್ನು ಕೊಂದರೆ ಸೊಸೆ ಎಲ್ಲಿಂದ ಬಂದಾಳು ಎಂದು ಈ ಬರಹಗಳು ಕೇಳುತ್ತವೆ.

ಪ್ರಶ್ನೆಯೇನೂ ಸುಳ್ಳಲ್ಲ. 2022ರಲ್ಲಿ ಆದಿಚುಂಚನಗಿರಿಯ ವಧೂವರರ ಸಮಾವೇಶಕ್ಕೆ ಹುಡುಗರು ಸಾವಿರಗಟ್ಟಲೆ ಬಂದರು, ಹುಡುಗಿಯರು ಕೆಲವು ನೂರು ಮಾತ್ರ. 2023ರಲ್ಲಿ ಮದುವೆಯಾಗದ ರೈತಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಬೇಸಾಯದ ಮನೆಗೆ ಹುಡುಗಿಯರು ಒಲ್ಲೆನ್ನುವುದೂ ಇದಕ್ಕೊಂದು ಕಾರಣ, ನಿಜ.

ಆದರೆ ಯಾರದೋ ಮನೆಯ ಸೊಸೆಗಾಗಿ ನಾನೇಕೆ ವರದಕ್ಷಿಣೆಯ ಹೊರೆ ಹೊರಲಿ ಎನ್ನುವ ತಂದೆಗೆ ಈ ಪ್ರಶ್ನೆ ಉತ್ತರವೇ ಅಲ್ಲ. ಅದು ಅವನ ಭಯವನ್ನೇ ಬಲಪಡಿಸುತ್ತದೆ. 2006ರಲ್ಲಿ ಬಂದ ಭಾಗ್ಯಲಕ್ಷ್ಮಿ ಯೋಜನೆ ಲಸಿಕೆ, ಶಾಲೆ ಎಂಬ ಒಳ್ಳೆಯ ಷರತ್ತುಗಳನ್ನಿಟ್ಟಿತು. ಹದಿನೆಂಟು ತುಂಬಿದಾಗ ಸಿಗುವ ಹಣವನ್ನು ನಾನು ಕಂಡ ಎಷ್ಟೋ ಮನೆಗಳು ಮದುವೆಯ ಗಂಟೆಂದೇ ಎಣಿಸಿದವು.

ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾಯಿದೆ 1994ರದು. ಆದರೂ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದುದು ಬಯಲಾಯಿತು. 2024ರಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಭ್ರೂಣಹತ್ಯೆಯ ಪ್ರಕರಣ ಹೊರಬಂತು. ಬುದ್ಧಿ ಹೇಳಬೇಕಾದವರ ಅಂಗಳದಲ್ಲೇ ಹೀಗಾದರೆ ಗೋಡೆಬರಹವನ್ನು ಯಾರು ನಂಬುತ್ತಾರೆ?

ಮಗಳು ಮುಂದೆ ಸೊಸೆಯಾಗಲಿ, ಆಗದಿರಲಿ, ಅವಳು ಆ ಮನೆಯ ಹಕ್ಕುದಾರಳು. ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲನ್ನು ಅವಳಿಗೆ ಕೊಟ್ಟಿದೆ. ದಪ್ಪ ಅಕ್ಷರದಲ್ಲಿ ಬರೆಯಬೇಕಾದ ಮಾತು ಇದು.